ಗಾಲಿಕುರ್ಚಿಯ ಮಗುವಿರುವ ಮನೆಗೆ ಎಂಥ ಕಾರು?

ಕಾರು ಕೊಳ್ಳಲು ಹೊರಟವರು ಷೋರೂಮಿನಲ್ಲಿ ಮೊದಲು ಕೇಳುವುದು ಬೆಲೆ, ಆಮೇಲೆ ಮೈಲೇಜು, ಅದಾದ ಬಳಿಕ ಬಣ್ಣ. ನಡೆಯಲಾಗದ ಮಗುವನ್ನು ಸಾಕುತ್ತಿರುವ ತಂದೆ ತಾಯಿಗಳ ಮೊದಲ ಪ್ರಶ್ನೆ ಮಾತ್ರ ಬೇರೆಯದೇ ಆಗಿರುತ್ತದೆ. ಮಗುವನ್ನು ಈ ಕಾರಿನೊಳಗೆ ಕೂರಿಸುವುದು ಹೇಗೆ? ಗಾಲಿಕುರ್ಚಿಯನ್ನು ಇಡುವುದೆಲ್ಲಿ? ಕಂಪನಿಗಳ ಬಣ್ಣದ ಕರಪತ್ರಗಳಲ್ಲಿ ಇವುಗಳಿಗೆ ಉತ್ತರ ದೊರೆಯುವುದಿಲ್ಲ.

ಸೆರೆಬ್ರಲ್ ಪಾಲ್ಸಿ, ಸ್ನಾಯುಕ್ಷಯ, ಬೆನ್ನುಹುರಿಯ ಜನ್ಮದೋಷ ಮುಂತಾದ ತೊಂದರೆಗಳಿರುವ ಮಕ್ಕಳನ್ನು ವಾರದಲ್ಲಿ ಎರಡು ಮೂರು ಬಾರಿ ಫಿಸಿಯೋಥೆರಪಿಗೆ, ಪ್ರತಿದಿನ ಶಾಲೆಗೆ, ಆಗಾಗ ಆಸ್ಪತ್ರೆಗೆ ಕರೆದೊಯ್ಯಬೇಕಾಗುತ್ತದೆ. ಬಸ್ಸಿನ ಮೆಟ್ಟಿಲು ಎತ್ತರ. ಆಟೋದಲ್ಲಿ ಗಾಲಿಕುರ್ಚಿಗೆ ಸ್ಥಳವಿಲ್ಲ. ಇಂಥ ಮನೆಗಳಲ್ಲಿ ಕಾರು ಅಂತಸ್ತಿನ ವಸ್ತುವಲ್ಲ, ಚಿಕಿತ್ಸೆ ತಪ್ಪದಂತೆ ನೋಡಿಕೊಳ್ಳುವ ಸಾಧನ. ಆಯ್ಕೆಯಲ್ಲಿ ಎಡವಿದರೆ ಅದರ ಭಾರವನ್ನು ಹತ್ತು ವರ್ಷ ಹೊರಬೇಕಾದವರು ಮಗು ಮತ್ತು ಮಗುವನ್ನು ಎತ್ತುವವರು. ಆದ್ದರಿಂದ ಕಾರಿನ ಮಾದರಿಗಳನ್ನು ನೋಡುವ ಮೊದಲು ಮನೆಯಲ್ಲೇ ಮಾಡಿಕೊಳ್ಳಬೇಕಾದ ಲೆಕ್ಕಾಚಾರ ಸಾಕಷ್ಟಿದೆ.

ಮೊದಲು ಎತ್ತುವವರ ಬೆನ್ನು

ಒಂದು ಸಲ ಚಿಕಿತ್ಸೆಗೆ ಹೋಗಿಬರುವುದೆಂದರೆ ಮಗುವನ್ನು ನಾಲ್ಕು ಬಾರಿ ಎತ್ತುವುದು ಎಂದರ್ಥ. ಮನೆಯ ಮುಂದೆ ಕಾರಿಗೆ, ಆಸ್ಪತ್ರೆಯ ಮುಂದೆ ಕುರ್ಚಿಗೆ, ಮತ್ತೆ ಕಾರಿಗೆ, ಮತ್ತೆ ಮನೆಗೆ. ವಾರಕ್ಕೆ ಮೂರು ದಿನವಾದರೆ 12 ಬಾರಿ, ವರ್ಷಕ್ಕೆ 600ಕ್ಕೂ ಹೆಚ್ಚು ಬಾರಿ. ಪ್ರತಿ ಸಲವೂ ಗಾಲಿಕುರ್ಚಿಯನ್ನು ಮಡಚಿ ಡಿಕ್ಕಿಗೆ ಎತ್ತಿಡುವ ಕೆಲಸ ಬೇರೆ.

ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯ (ನಿಯೋಶ್) ತಜ್ಞ ಥಾಮಸ್ ವಾಟರ್ಸ್ 2007ರಲ್ಲಿ ರೋಗಿಗಳನ್ನು ಕೈಯಿಂದ ಎತ್ತುವವರಿಗಾಗಿ ಒಂದು ಮಿತಿಯನ್ನು ಸೂಚಿಸಿದರು. ಅದು 35 ಪೌಂಡ್, ಅಂದರೆ ಸುಮಾರು 16 ಕಿಲೋಗ್ರಾಂ. ಅದೂ ಅನುಕೂಲಕರ ಭಂಗಿಯಲ್ಲಿ ಎತ್ತುವಾಗ ಮಾತ್ರ. ಬಾಗಿ, ಸೊಂಟ ತಿರುಗಿಸಿ, ಕೈ ಚಾಚಿ ಎತ್ತುವಾಗ ಮಿತಿ ಇನ್ನೂ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಕೋಷ್ಟಕದ ಪ್ರಕಾರ ಐದು ವರ್ಷದ ಬಾಲಕನ ಮಧ್ಯಮ ತೂಕ ಸುಮಾರು 18 ಕಿಲೋ, ಹತ್ತು ವರ್ಷಕ್ಕೆ ಸುಮಾರು 31 ಕಿಲೋ. ಕಾರಿನ ಬಾಗಿಲಲ್ಲಿ ನಿಂತು ಮಗುವನ್ನು ಒಳಗಿಡುವಾಗ ಬಾಗುವುದು, ತಿರುಗುವುದು, ಚಾಚುವುದು ಮೂರೂ ಒಟ್ಟಿಗೇ ನಡೆಯುತ್ತವೆ. ಇಂದು ಎತ್ತಬಲ್ಲೆವು ಎಂಬ ಧೈರ್ಯದಿಂದ ಕೊಂಡ ಕಾರು ನಾಲ್ಕೇ ವರ್ಷಗಳಲ್ಲಿ ನಿರುಪಯೋಗಿ ಆಗುವುದು ಹೀಗೆ.

ಬಹುಪಾಲು ಮನೆಗಳಲ್ಲಿ ಹಗಲಿನ ಹೊತ್ತು ಮಗುವನ್ನು ಎತ್ತುವವರು ತಾಯಿ ಅಥವಾ ಅಜ್ಜಿ. ಆದರೆ ಷೋರೂಮಿಗೆ ಹೋಗಿ ಕಾರು ನೋಡಿ ಬರುವವರು ಹೆಚ್ಚಾಗಿ ತಂದೆ. ದಿನನಿತ್ಯ ಯಾರು ಎತ್ತುತ್ತಾರೋ ಅವರ ಎತ್ತರಕ್ಕೆ, ಅವರ ಬಲಕ್ಕೆ ಹೊಂದುವ ಕಾರನ್ನು ಆರಿಸಬೇಕು. ಇದು ಈ ವಿಷಯದಲ್ಲಿ ಮೊದಲ ನಿಯಮ.

ಮಗುವಿನ ಸ್ಥಿತಿ, ಮುಂದಿನ ಐದು ವರ್ಷ

ಎಲ್ಲ ವಿಕಲತೆಯೂ ಒಂದೇ ಬಗೆಯದಲ್ಲ. ಸೆರೆಬ್ರಲ್ ಪಾಲ್ಸಿಯಲ್ಲಿ ಮಿದುಳಿಗೆ ಆದ ಹಾನಿ ಹೆಚ್ಚುತ್ತಾ ಹೋಗುವುದಿಲ್ಲ. ಆದರೆ ಮಗು ಬೆಳೆದಂತೆ ತೂಕ ಏರುತ್ತದೆ, ಸ್ನಾಯುಗಳ ಬಿಗಿತವೂ ಹೆಚ್ಚಬಹುದು. ಕಾಲುಗಳು ಕತ್ತರಿಯಂತೆ ಸೆಟೆದುಕೊಳ್ಳುವ ಮಗುವನ್ನು ಕಿರಿದಾದ ಬಾಗಿಲಿನಲ್ಲಿ ಒಳಗೆ ಸೇರಿಸುವುದು ಕಷ್ಟ. ಕತ್ತು ಮತ್ತು ಮುಂಡದ ಹಿಡಿತವಿಲ್ಲದ ಮಗುವಿಗೆ ನೆಟ್ಟಗಿನ ಆಸನಕ್ಕಿಂತ ಹಿಂದಕ್ಕೆ ಒರಗಬಲ್ಲ ಆಸನ ಬೇಕು.

ಡುಶೆನ್ ಸ್ನಾಯುಕ್ಷಯ ಇದಕ್ಕೆ ವ್ಯತಿರಿಕ್ತ. ಎಂಟು ವರ್ಷದಲ್ಲಿ ತಾನೇ ಕಾರು ಹತ್ತುತ್ತಿದ್ದ ಹುಡುಗ ಸಾಮಾನ್ಯವಾಗಿ ಹನ್ನೆರಡರ ಹೊತ್ತಿಗೆ ನಡಿಗೆ ಕಳೆದುಕೊಳ್ಳುತ್ತಾನೆ. ಅಂಥ ಮನೆಯವರು ಇಂದಿನ ಅಗತ್ಯ ನೋಡಿ ಕಾರು ಕೊಂಡರೆ ಬೇಗನೆ ಮತ್ತೊಂದನ್ನು ಕೊಳ್ಳಬೇಕಾದೀತು. ಮುಂದೆ ತೂಕದ ಮೋಟಾರು ಗಾಲಿಕುರ್ಚಿ ಬರುವ ಸಾಧ್ಯತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಬೆನ್ನುಹುರಿಯ ದೋಷವಿರುವ ಮಕ್ಕಳಿಗೆ ಸೊಂಟದ ಕೆಳಗೆ ಸ್ಪರ್ಶಜ್ಞಾನ ಇಲ್ಲದಿರಬಹುದು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಕಾದ ಆಸನ, ಸೀಟ್ ಬೆಲ್ಟಿನ ಲೋಹದ ಕೊಂಡಿ ಅವರ ಚರ್ಮವನ್ನು ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರು ಬೇಸಿಗೆಯಲ್ಲಿ ಇದನ್ನು ಮರೆಯುವಂತಿಲ್ಲ. ಹಿಂಬದಿ ಆಸನಕ್ಕೂ ತಂಪು ಗಾಳಿ ತಲುಪುವ ಏ.ಸಿ. ವ್ಯವಸ್ಥೆ, ಬಟ್ಟೆಯ ಆಸನ ಹೊದಿಕೆ ಇವರಿಗೆ ಭೋಗವಲ್ಲ, ಅವಶ್ಯಕತೆ. ಮೂಳೆಗಳು ಸುಲಭವಾಗಿ ಮುರಿಯುವ ಕಾಯಿಲೆಯ ಮಕ್ಕಳಿಗೆ ರಸ್ತೆ ಉಬ್ಬುಗಳ ಕುಲುಕಾಟವೇ ಅಪಾಯ; ಅವರಿಗೆ ಗಡುಸು ಸಸ್ಪೆನ್ಷನ್ ಇರುವ ವಾಹನ ಹೊಂದುವುದಿಲ್ಲ.

ಈ ಕಾರಣಕ್ಕೆ ಕಾರು ಕೊಳ್ಳುವ ಮುನ್ನ ಮಗುವಿನ ಫಿಸಿಯೋಥೆರಪಿಸ್ಟರನ್ನು ಕೇಳುವುದು ಒಳಿತು. ಐದು ವರ್ಷದ ನಂತರ ಮಗು ಹೇಗೆ ಕುಳಿತುಕೊಳ್ಳಬಲ್ಲದು ಎಂಬ ಅಂದಾಜನ್ನು ಅವರು ಕೊಡಬಲ್ಲರು. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಯಾದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ, 1982ರ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ, 1994ರ ಮೊಬಿಲಿಟಿ ಇಂಡಿಯಾ ಮುಂತಾದ ಸಂಸ್ಥೆಗಳಿಗೆ ಈ ಕ್ಷೇತ್ರದಲ್ಲಿ ದೀರ್ಘ ಅನುಭವವಿದೆ.

ಅಳತೆಪಟ್ಟಿ ಹಿಡಿದು ಹೊರಡಿ

ಷೋರೂಮಿಗೆ ಹೋಗುವಾಗ ಟೇಪು, ಗಾಲಿಕುರ್ಚಿ, ಸಾಧ್ಯವಾದರೆ ಮಗು, ಇಷ್ಟೂ ಜೊತೆಗಿರಲಿ. ಅಳೆಯಬೇಕಾದವು ಇವು:

1. ಆಸನದ ಎತ್ತರ. ನೆಲದಿಂದ ಕಾರಿನ ಆಸನಕ್ಕೆ ಎಷ್ಟು, ನೆಲದಿಂದ ಗಾಲಿಕುರ್ಚಿಯ ಆಸನಕ್ಕೆ ಎಷ್ಟು ಎಂಬುದನ್ನು ಹೋಲಿಸಬೇಕು. ಎರಡೂ ಹತ್ತಿರವಿದ್ದರೆ ಮಗುವನ್ನು ಎತ್ತದೆ ಜಾರಿಸಬಹುದು. ನಡುವೆ ನಯವಾದ ಜಾರುಹಲಗೆ ಇಟ್ಟರೆ ಕೆಲಸ ಇನ್ನೂ ಹಗುರ.

2. ಬಾಗಿಲಿನ ಅಗಲ ಮತ್ತು ತೆರೆಯುವ ಕೋನ. ಹಲವು ಕಾರುಗಳಲ್ಲಿ ಹಿಂಬದಿ ಬಾಗಿಲು ಮುಂಬದಿ ಬಾಗಿಲಿಗಿಂತ ಕಿರಿದು, ಪೂರ್ತಿ ತೆರೆಯುವುದೂ ಇಲ್ಲ. ಟಾಟಾ ಪಂಚ್‌ನಂತಹ ಕೆಲವು ಕಾರುಗಳ ಬಾಗಿಲು 90 ಡಿಗ್ರಿವರೆಗೆ ತೆರೆಯುತ್ತದೆ.

3. ಬಾಗಿಲಿನ ಮೇಲಂಚು. ಮಗುವನ್ನು ಎತ್ತಿ ಒಳಗಿಡುವಾಗ ಮಗುವಿನ ತಲೆಗೂ ಎತ್ತುವವರ ತಲೆಗೂ ತಗುಲದಷ್ಟು ಎತ್ತರವಿರಬೇಕು.

4. ಡಿಕ್ಕಿಯ ಅಂಚು. ಮಡಚುವ ಸಾಮಾನ್ಯ ಗಾಲಿಕುರ್ಚಿಯೊಂದು 15ರಿಂದ 20 ಕಿಲೋ ತೂಗುತ್ತದೆ. ಸೊಂಟದೆತ್ತರದ ಅಂಚನ್ನು ದಾಟಿಸಿ ಅದನ್ನು ಒಳಗಿಳಿಸುವುದಕ್ಕೂ, ತಗ್ಗಿನ ಅಂಚಿನ ಮೇಲಿಟ್ಟು ಒಳಕ್ಕೆ ತಳ್ಳುವುದಕ್ಕೂ ವ್ಯತ್ಯಾಸ ಬಹಳ.

5. ಮನೆಯ ಮುಂದಿನ ಜಾಗ. ಕಾಂಪೌಂಡು ಗೋಡೆಗೆ ಒತ್ತಿ ಕಾರು ನಿಲ್ಲಿಸುವ ಓಣಿಯಲ್ಲಿ ಬಾಗಿಲು ಎಷ್ಟು ತೆರೆಯುತ್ತದೆ ಎಂಬುದು ಮುಖ್ಯ. ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿಯ ಪ್ರಕಾರ ವಿಕಲಚೇತನರ ವಾಹನ ನಿಲುಗಡೆ ಜಾಗ 3.6 ಮೀಟರ್ ಅಗಲವಿರಬೇಕು. ಕಾರಿನ ಪಕ್ಕದಲ್ಲಿ ಕುರ್ಚಿ ನಿಲ್ಲಿಸಿ ತಿರುಗಿಸಲು ಅಷ್ಟು ಜಾಗ ಬೇಕೇ ಬೇಕು.

ನಮ್ಮಲ್ಲಿ ರಸ್ತೆಯ ಎಡಬದಿಯಲ್ಲಿ ಕಾರು ನಿಲ್ಲುವುದರಿಂದ ಮಗುವನ್ನು ಇಳಿಸುವುದು ಹತ್ತಿಸುವುದು ಎಡಬಾಗಿಲಿನಿಂದಲೇ ಆಗಬೇಕು. ಅಳತೆಗಳನ್ನೂ ಆ ಬದಿಯಲ್ಲೇ ತೆಗೆದುಕೊಳ್ಳಿ.

ಯಾವ ಬಗೆಯ ಕಾರು?

ತಗ್ಗಿನ ಸಣ್ಣ ಕಾರುಗಳು ಹಾಗೂ ಸೆಡಾನ್‌ಗಳು: ಆಸನ ಕೆಳಗಿರುವುದರಿಂದ ಮಗುವನ್ನು ಕೂರಿಸುವಾಗ ಪೂರ್ತಿ ಬಾಗಬೇಕು, ಹೊರತೆಗೆಯುವಾಗ ಆಳದಿಂದ ಎತ್ತಬೇಕು. ಮಗು ಚಿಕ್ಕದಿರುವಾಗ ನಡೆದೀತು, ಬೆಳೆದ ಮೇಲೆ ಕಷ್ಟ.

ಎತ್ತರದ ಸಣ್ಣ ಕಾರುಗಳು: ಮಾರುತಿ ವ್ಯಾಗನ್‌ಆರ್ ಇದಕ್ಕೆ ಉದಾಹರಣೆ. 3,655 ಮಿಲಿಮೀಟರ್ ಉದ್ದ, 1,675 ಮಿಲಿಮೀಟರ್ ಎತ್ತರದ ಈ ಕಾರಿನಲ್ಲಿ ಆಸನ ಹೆಚ್ಚುಕಡಿಮೆ ಸೊಂಟದ ಮಟ್ಟಕ್ಕೆ ಸಿಗುತ್ತದೆ. 341 ಲೀಟರ್ ಡಿಕ್ಕಿಯಲ್ಲಿ ಮಡಚಿದ ಕುರ್ಚಿ ಹಿಡಿಯುತ್ತದೆಯೇ ಎಂಬುದನ್ನು ಇಟ್ಟು ನೋಡಿಯೇ ತಿಳಿಯಬೇಕು. ಇಲ್ಲೊಂದು ಎಚ್ಚರಿಕೆ: ಸಿಎನ್‌ಜಿ ಮಾದರಿ ಕೊಂಡರೆ ಸಿಲಿಂಡರು ಡಿಕ್ಕಿಯನ್ನು ಆಕ್ರಮಿಸುತ್ತದೆ. ಇಂಧನದ ಉಳಿತಾಯಕ್ಕೆ ಮರುಳಾಗಿ ಗಾಲಿಕುರ್ಚಿಯನ್ನು ಹಿಂಬದಿ ಆಸನದ ಮೇಲೆ ಹೇರಬೇಕಾದ ಸ್ಥಿತಿ ಬರಬಾರದು. ಗಟ್ಟಿಯಾಗಿ ಕಟ್ಟದ ಕುರ್ಚಿ ಅಪಘಾತದಲ್ಲಿ ಮಗುವಿನ ಮೇಲೆಯೇ ಬೀಳುತ್ತದೆ.

ಎಸ್‌ಯುವಿಗಳು: ಎತ್ತರದ ವಾಹನ ಎಂದರೆ ಅನುಕೂಲ ಎಂಬ ಭಾವನೆ ಪೂರ್ತಿ ಸರಿಯಲ್ಲ. ದೊಡ್ಡ ಎಸ್‌ಯುವಿಗಳಲ್ಲಿ ಆಸನ ಗಾಲಿಕುರ್ಚಿಗಿಂತ ಬಹಳ ಮೇಲಿರುವುದರಿಂದ ಮಗುವನ್ನು ಎದೆಯ ಮಟ್ಟಕ್ಕೆ ಎತ್ತಬೇಕಾಗುತ್ತದೆ. ಊರುಗೋಲಿನ ನೆರವಿನಿಂದ ನಡೆಯುವ ಮಗುವಿಗೂ ಆ ಮೆಟ್ಟಿಲು ಎತ್ತರವೇ. ನಗರದಲ್ಲಿ ಓಡಾಡುವವರಿಗೆ ಸಣ್ಣ ಎಸ್‌ಯುವಿಗಳು ಮಧ್ಯಮ ಮಾರ್ಗವಾಗಬಲ್ಲವು.

ಮೂರು ಸಾಲಿನ ಕುಟುಂಬ ಕಾರುಗಳು: ಸ್ಥಳದ ದೃಷ್ಟಿಯಿಂದ ಇವು ಉತ್ತಮ. ರೆನೋ ಟ್ರೈಬರ್‌ನ ಉದ್ದ 4 ಮೀಟರಿಗಿಂತ ತುಸು ಕಡಿಮೆ. ಅದರ ಮೂರನೆಯ ಸಾಲಿನ ಆಸನಗಳನ್ನು ಪೂರ್ತಿ ತೆಗೆದಿಟ್ಟರೆ 625 ಲೀಟರ್ ಜಾಗ ದೊರೆಯುತ್ತದೆ. ಕುರ್ಚಿಯ ಜೊತೆಗೆ ವಾಕರ್, ಚೀಲಗಳಿಗೂ ಸ್ಥಳವಾಗುತ್ತದೆ. ಎರ್ಟಿಗಾ, ಕಾರೆನ್ಸ್, ಇನೋವಾ ಇನ್ನೂ ದೊಡ್ಡವು. ಎರಡನೆಯ ಸಾಲಿನಲ್ಲಿ ಬಿಡಿ ಆಸನಗಳಿರುವ ಮಾದರಿಗಳಲ್ಲಿ ನಡುವೆ ಓಣಿಯಿದ್ದು, ಪ್ರಯಾಣದ ನಡುವೆ ಮಗುವಿನ ಬಳಿಗೆ ಹೋಗುವುದು ಸುಲಭ.

ಜಾರುಬಾಗಿಲಿನ ವ್ಯಾನ್‌ಗಳು: ಇಕ್ಕಟ್ಟಿನ ಜಾಗದಲ್ಲೂ ಬಾಗಿಲು ಪೂರ್ತಿ ತೆರೆಯುವುದು ಇವುಗಳ ದೊಡ್ಡ ಗುಣ. 1984ರಲ್ಲಿ ಬಂದು 2019ರಲ್ಲಿ ತಯಾರಿಕೆ ನಿಂತ ಮಾರುತಿ ಓಮ್ನಿಯನ್ನು ನಮ್ಮ ಊರುಗಳಲ್ಲಿ ಆಂಬುಲೆನ್ಸ್ ಆಗಿ ಬಳಸುತ್ತಿದ್ದುದಕ್ಕೆ ಇದೂ ಒಂದು ಕಾರಣ. ಆ ಸಾಲಿನಲ್ಲಿ ನಂತರ ಬಂದದ್ದು ಈಕೋ. ಇನ್ನೊಂದು ತುದಿಯಲ್ಲಿ ವಿದ್ಯುತ್ ಚಾಲಿತ ಜಾರುಬಾಗಿಲಿನ ಕಿಯಾ ಕಾರ್ನಿವಲ್ ಇದೆ. ಬೆಲೆ ಮಾತ್ರ ಮಧ್ಯಮ ವರ್ಗಕ್ಕೆ ಎಟುಕದು.

ಹತ್ತಲು ಸುಲಭ, ಆದರೆ ಸುರಕ್ಷಿತವೇ?

ಇಲ್ಲಿ ಕಠಿಣ ಸತ್ಯವೊಂದನ್ನು ಎದುರಿಸಬೇಕು. ಮಗುವನ್ನು ಕೂರಿಸಲು ಸುಲಭವಾದ, ಬೆಲೆಯಲ್ಲೂ ಎಟುಕುವ ವಾಹನಗಳು ಅಪಘಾತ ಪರೀಕ್ಷೆಯಲ್ಲಿ ಉತ್ತಮ ಅಂಕ ಪಡೆದಿಲ್ಲ. 2016ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಏರ್‌ಬ್ಯಾಗ್ ಇಲ್ಲದ ಈಕೋವನ್ನು ಪರೀಕ್ಷಿಸಿದಾಗ ವಯಸ್ಕರ ರಕ್ಷಣೆಗೆ ದೊರೆತದ್ದು ಶೂನ್ಯ ತಾರೆ. 2023ರ ಏಪ್ರಿಲ್‌ನಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡು ಏರ್‌ಬ್ಯಾಗ್‌ಗಳ ವ್ಯಾಗನ್‌ಆರ್ ವಯಸ್ಕರ ರಕ್ಷಣೆಗೆ 1 ತಾರೆ, ಮಕ್ಕಳ ರಕ್ಷಣೆಗೆ ಶೂನ್ಯ ಪಡೆಯಿತು. 2021ರಲ್ಲಿ ಟ್ರೈಬರ್ ಅಂದಿನ ನಿಯಮಗಳಡಿ ವಯಸ್ಕರ ರಕ್ಷಣೆಗೆ 4, ಮಕ್ಕಳ ರಕ್ಷಣೆಗೆ 3 ತಾರೆ ಗಳಿಸಿತ್ತು. ಆ ಬಳಿಕ ಪರೀಕ್ಷೆಯ ನಿಯಮಗಳೂ ಬಿಗಿಯಾಗಿವೆ, ಕಾರುಗಳ ಸುರಕ್ಷಾ ಸಾಧನಗಳೂ ಬದಲಾಗಿವೆ. ಆದ್ದರಿಂದ ನೀವು ಕೊಳ್ಳುವ ವರ್ಷದ, ಅದೇ ಮಾದರಿಯ ಫಲಿತಾಂಶವನ್ನೇ ನೋಡಬೇಕು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಮ್ಮದೇ ಭಾರತ್ ಎನ್‌ಕ್ಯಾಪ್‌ನಲ್ಲಿ ಮಕ್ಕಳ ರಕ್ಷಣೆಗೆ ಪ್ರತ್ಯೇಕ ತಾರೆಗಳಿವೆ. ವಯಸ್ಕರ ತಾರೆಗಳನ್ನಷ್ಟೇ ನೋಡಿ ತೃಪ್ತರಾಗಬೇಡಿ.

ಕಾರು ಯಾವುದೇ ಇರಲಿ, ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳುವುದು ರಕ್ಷಣೆಯಲ್ಲ. ದಿಢೀರ್ ಬ್ರೇಕಿಗೆ ಅಪ್ಪಿಕೊಂಡ ಕೈಗಳು ಸೋಲುತ್ತವೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 194ಬಿ ಕಲಮಿನಂತೆ 14 ವರ್ಷದೊಳಗಿನ ಮಗುವಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸುರಕ್ಷಾ ಆಸನ ಕಡ್ಡಾಯ. ತಪ್ಪಿದರೆ 1,000 ರೂಪಾಯಿ ದಂಡ. ಮಕ್ಕಳ ಆಸನವನ್ನು ಭದ್ರವಾಗಿ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಗಳು ಹಿಂಬದಿಯಲ್ಲಿ ಇವೆಯೇ ಎಂದು ನೋಡಬೇಕು. ಆಸನ ಕೊಳ್ಳುವಾಗ ಅದು ಭಾರತದ ಎಐಎಸ್ 072 ಮಾನದಂಡಕ್ಕೆ ಹೊಂದಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಮುಂಡದ ಹಿಡಿತವಿಲ್ಲದ ಮಗುವಿಗೆ ಹೆಗಲು, ಸೊಂಟ, ತೊಡೆಸಂದು ಹಿಡಿಯುವ ಐದು ಪಟ್ಟಿಗಳ ಆಸನ ಸೂಕ್ತ. ತಲೆ ವಾಲುತ್ತದೆಂದು ಹಣೆಗೆ ದುಪಟ್ಟಾ ಸುತ್ತಿ ಆಸನಕ್ಕೆ ಕಟ್ಟುವ ರೂಢಿ ಅಪಾಯಕರ. ಡಿಕ್ಕಿಯಾದಾಗ ದೇಹ ಮುಂದೆ ಹೋಗಿ ತಲೆ ಹಿಂದೆಯೇ ಉಳಿದರೆ ಕತ್ತಿಗೆ ಪೆಟ್ಟು. ಅದರ ಬದಲು ಆಸನವನ್ನು ಅದಕ್ಕೆ ಅನುಮತಿಯಿರುವಷ್ಟು ಒರಗಿಸಿ, ತಲೆಯ ಎರಡೂ ಬದಿಗೆ ಮೃದುವಾದ ಆಸರೆ ಕೊಡಬೇಕು. ಏರ್‌ಬ್ಯಾಗ್ ಚಾಲ್ತಿಯಲ್ಲಿರುವ ಮುಂಬದಿ ಆಸನದಲ್ಲಿ ಹಿಮ್ಮುಖ ಮಕ್ಕಳ ಆಸನವನ್ನು ಎಂದಿಗೂ ಇಡಕೂಡದು.

ತಿರುಗುವ ಆಸನ

ಎತ್ತುವ ಶ್ರಮವನ್ನು ತಗ್ಗಿಸುವ ಸಾಧನಗಳಲ್ಲಿ ಮುಖ್ಯವಾದುದು ಬಾಗಿಲ ಕಡೆಗೆ ತಿರುಗಿ ಹೊರಬರುವ ಆಸನ. ಮಗುವನ್ನು ಹೊರಮುಖವಾಗಿ ಕೂರಿಸಿ, ನಂತರ ಆಸನವನ್ನೇ ಒಳಕ್ಕೆ ತಿರುಗಿಸಬಹುದು. ಎತ್ತುವುದು ಪೂರ್ತಿ ತಪ್ಪುವುದಿಲ್ಲ. ಆದರೆ ಸೊಂಟ ತಿರುಗಿಸಿ ಒಳಕ್ಕೆ ಚಾಚುವುದು ತಪ್ಪುತ್ತದೆ. 2025ರ ಡಿಸೆಂಬರ್‌ನಲ್ಲಿ ಮಾರುತಿ ಸುಜುಕಿ ಕಂಪನಿ ವ್ಯಾಗನ್‌ಆರ್‌ಗೆ ಇಂಥ ಆಸನವನ್ನು ಪರಿಚಯಿಸಿತು. ಬೆಂಗಳೂರಿನ ನವೋದ್ಯಮವೊಂದರ ಸಹಯೋಗದಲ್ಲಿ ರೂಪುಗೊಂಡ ಇದನ್ನು ಹೊಸ ಕಾರಿಗೂ, ಈಗಾಗಲೇ ಇರುವ ಕಾರಿಗೂ ಅಳವಡಿಸಬಹುದು. ಎಲ್ಲ ಊರುಗಳಲ್ಲೂ ಇದು ಲಭ್ಯವಿಲ್ಲದ ಕಾರಣ ಮಾರಾಟಗಾರರಲ್ಲಿ ಮೊದಲೇ ವಿಚಾರಿಸಬೇಕು.

ಇಂಥ ಆಸನಗಳನ್ನು ಸಾಮಾನ್ಯವಾಗಿ ಮುಂಬದಿಯ ಎಡಗಡೆ ಅಳವಡಿಸುತ್ತಾರೆ. ಪುಟ್ಟ ಮಕ್ಕಳಿಗೆ ಹಿಂಬದಿಯೇ ಸುರಕ್ಷಿತವಾದ್ದರಿಂದ ಇದು ಹದಿಹರೆಯಕ್ಕೆ ಬಂದ, ಬೆನ್ನು ನೆಟ್ಟಗಿಟ್ಟು ಕೂರಬಲ್ಲ ಮಕ್ಕಳಿಗೆ ಹೆಚ್ಚು ಸೂಕ್ತ.

ಕುರ್ಚಿಯಲ್ಲಿ ಕುಳಿತೇ ಪ್ರಯಾಣ

ಎತ್ತಲು ಸಾಧ್ಯವೇ ಇಲ್ಲ ಎಂಬ ಹಂತಕ್ಕೆ ಬಂದಾಗ ಉಳಿಯುವ ದಾರಿ, ಹಿಂಬದಿಯಿಂದ ಇಳಿಜಾರು ಹಲಗೆಯ ಮೂಲಕ ಗಾಲಿಕುರ್ಚಿಯನ್ನೇ ವಾಹನದೊಳಗೆ ತಳ್ಳುವುದು. ಇದಕ್ಕೆ ಎತ್ತರದ ಛಾವಣಿ ಅಥವಾ ತಗ್ಗಿಸಿದ ನೆಲ ಬೇಕು. ನೆಲದಡಿ ಬ್ಯಾಟರಿ ಇರುವ ವಿದ್ಯುತ್ ಕಾರುಗಳಲ್ಲಿ ನೆಲ ತಗ್ಗಿಸಲು ಅವಕಾಶವಿರುವುದಿಲ್ಲ. ಛಾವಣಿ ಎತ್ತರಿಸಿದ ವಾಹನ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಇಳಿಯುತ್ತದೆಯೇ ಎಂಬುದನ್ನೂ ನೋಡಬೇಕು.

ಕುರ್ಚಿಯನ್ನು ಹಗ್ಗದಿಂದ ಬಿಗಿದರೆ ಸಾಲದು. ಕುರ್ಚಿ ಮುಂದಕ್ಕೆ ಮುಖಮಾಡಿರಬೇಕು, ನಾಲ್ಕು ಮೂಲೆಗಳಲ್ಲಿ ಪಟ್ಟಿಗಳಿಂದ ನೆಲಕ್ಕೆ ಬಂಧಿಸಿರಬೇಕು, ಮಗುವಿಗೆ ಪ್ರತ್ಯೇಕವಾಗಿ ಹೆಗಲು ಮತ್ತು ಸೊಂಟದ ಬೆಲ್ಟ್ ಇರಬೇಕು. ಬಂಧನ ವ್ಯವಸ್ಥೆಗೆ ಐಎಸ್‌ಒ 10542, ವಾಹನದೊಳಗೆ ಆಸನವಾಗಿ ಬಳಸುವ ಗಾಲಿಕುರ್ಚಿಗೆ ಐಎಸ್‌ಒ 7176-19 ಎಂಬ ಅಂತರರಾಷ್ಟ್ರೀಯ ಮಾನದಂಡಗಳಿವೆ. ಸಾಮಾನ್ಯ ಮಡಚು ಕುರ್ಚಿ ಅಪಘಾತದ ಹೊಡೆತಕ್ಕೆಂದು ಮಾಡಿದ್ದಲ್ಲ. ಕಾರಿನ ಆಸನಕ್ಕೆ ವರ್ಗಾಯಿಸಲು ಸಾಧ್ಯವಿರುವಷ್ಟು ಕಾಲ ಅದೇ ಮೇಲು.

ತೆರಿಗೆ, ನೋಂದಣಿ, ವಿಮೆ

ಹಿಂದೆ ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ಚಲನ ಸಂಬಂಧಿ ವಿಕಲತೆ ಉಳ್ಳವರಿಗೆ ಭಾರಿ ಕೈಗಾರಿಕಾ ಸಚಿವಾಲಯದ ಪ್ರಮಾಣಪತ್ರದ ಮೇಲೆ ಸಣ್ಣ ಕಾರುಗಳು ಶೇ 18 ಜಿಎಸ್‌ಟಿ ದರದಲ್ಲಿ ದೊರೆಯುತ್ತಿದ್ದವು. ಇತರರಿಗೆ ಶೇ 28 ಹಾಗೂ ಸೆಸ್. 2025ರ ಸೆಪ್ಟೆಂಬರ್ 22ರಿಂದ 4 ಮೀಟರ್ ಮೀರದ, 1,200 ಸಿಸಿವರೆಗಿನ ಪೆಟ್ರೋಲ್ ಹಾಗೂ 1,500 ಸಿಸಿವರೆಗಿನ ಡೀಸೆಲ್ ಕಾರುಗಳಿಗೆ ಎಲ್ಲರಿಗೂ ಶೇ 18 ಆಗಿದೆ. ಅಂದರೆ ಸಣ್ಣ ಕಾರಿನಲ್ಲಿ ವಿಕಲಚೇತನರ ಕುಟುಂಬಕ್ಕಿದ್ದ ತೆರಿಗೆಯ ವ್ಯತ್ಯಾಸ ಉಳಿದಿಲ್ಲ. ಹಳೆಯ ರಿಯಾಯಿತಿಗೂ ಇದೇ 4 ಮೀಟರ್ ಮಿತಿ ಇದ್ದುದರಿಂದ ಗಾಲಿಕುರ್ಚಿ ಹಿಡಿಸುವ ದೊಡ್ಡ ವಾಹನಗಳಿಗೆ ಅದು ದೊರೆಯುತ್ತಿರಲಿಲ್ಲ. ಅವುಗಳ ಮೇಲೆ ಈಗ ಶೇ 40 ತೆರಿಗೆ. ಹೆಚ್ಚು ಸ್ಥಳ ಬೇಕಾದ ಮಗುವಿಗೆ ಹೆಚ್ಚು ತೆರಿಗೆ ಎಂಬ ವಿಪರ್ಯಾಸ ಹಾಗೆಯೇ ಮುಂದುವರಿದಿದೆ.

ಕಾರನ್ನು ಮಗುವಿನ ಹೆಸರಿನಲ್ಲಿ ನೋಂದಾಯಿಸಬಹುದೇ ಎಂಬುದು ಹಲವರ ಸಂದೇಹ. ಮೋಟಾರು ವಾಹನ ಕಾಯ್ದೆಯ 'ಮಾಲೀಕ' ಎಂಬ ವ್ಯಾಖ್ಯೆಯಲ್ಲಿಯೇ, ನೋಂದಣಿ ಅಪ್ರಾಪ್ತ ವಯಸ್ಕರ ಹೆಸರಿನಲ್ಲಿದ್ದರೆ ಪೋಷಕರು ಮಾಲೀಕರಾಗುತ್ತಾರೆ ಎಂದಿದೆ. 2020ರ ಅಕ್ಟೋಬರ್‌ನ ತಿದ್ದುಪಡಿಯಿಂದ ನೋಂದಣಿಯ 20ನೇ ನಮೂನೆಯಲ್ಲಿ 'ದಿವ್ಯಾಂಗ' ಎಂಬ ಮಾಲೀಕತ್ವದ ವರ್ಗವೂ ಸೇರಿದೆ. ರಾಜ್ಯದ ರಸ್ತೆ ತೆರಿಗೆಯ ವಿನಾಯಿತಿಯನ್ನು ಕೇಳುವವರು ವಾಹನ ಕೊಳ್ಳುವ ಮುನ್ನವೇ ತಮ್ಮ ಆರ್‌ಟಿಒ ಕಚೇರಿಯಲ್ಲಿ ಷರತ್ತುಗಳನ್ನು ಲಿಖಿತವಾಗಿ ಪಡೆಯುವುದು ಕ್ಷೇಮ. ಬಿಲ್ಲು ಒಬ್ಬರ ಹೆಸರಿನಲ್ಲಿ ಆದ ಬಳಿಕ ತಿದ್ದುವುದು ಪ್ರಯಾಸದ ಕೆಲಸ. ಮಗುವಿನ ಯುಡಿಐಡಿ ಕಾರ್ಡ್ ಸಿದ್ಧವಿರಲಿ.

ವಾಹನದ ರಚನೆಯನ್ನು ಬದಲಿಸುವುದಾದರೆ ಕಾಯ್ದೆಯ 52ನೇ ಕಲಮಿನಂತೆ ಅನುಮತಿ ಬೇಕು. 2019ರ ತಿದ್ದುಪಡಿಯ ಪ್ರಕಾರ ವಿಕಲಚೇತನರೇ ಓಡಿಸುವ ವಾಹನವಷ್ಟೇ ಅಲ್ಲ, ಅವರಿಗಾಗಿ ಬಳಸುವ ವಾಹನವೂ 'ಮಾರ್ಪಡಿಸಿದ ವಾಹನ' ಎನಿಸುತ್ತದೆ. ಮಗುವಿನ ಪೋಷಕರಿಗೆ ಅನುಕೂಲವಾದ ಮಾತಿದು. ಮಾರ್ಪಾಡನ್ನು ವಿಮಾ ಕಂಪನಿಗೂ ತಿಳಿಸಬೇಕು. ಇಲ್ಲವಾದರೆ ಅಪಘಾತದ ಬಳಿಕ ಪರಿಹಾರ ನಿರಾಕರಣೆಗೆ ಅದೇ ನೆಪವಾದೀತು. ವಿಕಲಚೇತನರಿಗಾಗಿ ಮಾರ್ಪಡಿಸಿದ ವಾಹನಗಳ ಕಂತಿನ ರಿಯಾಯಿತಿಗೆ ಮೋಟಾರು ವಿಮೆಯಲ್ಲಿ ಐಎಂಟಿ 12 ಎಂಬ ಷರತ್ತಿದೆ. ಹೆಸರು ಹಿಡಿದು ಕೇಳಿದರೆ ಉತ್ತರ ಸಿಗುತ್ತದೆ.

ಕೊಳ್ಳುವ ಮುನ್ನ ಒಂದು ಪರೀಕ್ಷೆ

ಪರೀಕ್ಷಾರ್ಥ ಓಡಾಟಕ್ಕೆ ಷೋರೂಮಿನವರು ಕೊಡುವ ಹತ್ತು ನಿಮಿಷ ಸಾಲದು. ಕಾರನ್ನು ಮನೆಯ ಮುಂದೆ ತರಿಸಿ. ದಿನವೂ ಮಗುವನ್ನು ಎತ್ತುವವರೇ ಯಾರ ನೆರವೂ ಇಲ್ಲದೆ ಮಗುವನ್ನು ಕೂರಿಸಲಿ, ಬೆಲ್ಟ್ ಹಾಕಲಿ, ಕುರ್ಚಿಯನ್ನು ಡಿಕ್ಕಿಗೆ ಇಡಲಿ. ಮತ್ತೆ ಎಲ್ಲವನ್ನೂ ಹೊರತೆಗೆಯಲಿ. ಹೀಗೆ ಮೂರು ಬಾರಿ ಆಗಲಿ. ಒಂದು ಕೈಯಲ್ಲಿ ಕೊಡೆ ಹಿಡಿದಿದ್ದರೆ ಇದು ಸಾಧ್ಯವೇ ಎಂದು ಯೋಚಿಸಲಿ. ಆನಂತರ ಮಗುವನ್ನು ಕೂರಿಸಿಕೊಂಡು ರಸ್ತೆ ಉಬ್ಬುಗಳಿರುವ ದಾರಿಯಲ್ಲಿ ಅರ್ಧ ಗಂಟೆ ಓಡಾಡಿ, ಅದರ ಮುಖ ನೋಡಿ. ಮಾತು ಬರುವ ಮಗುವಾದರೆ ಕೇಳಿ. ಕಿಟಕಿಯಿಂದ ಹೊರಗೆ ಕಾಣುತ್ತದೆಯೇ ಎಂಬುದು ಮಗುವಿಗೆ ದೊಡ್ಡ ವಿಷಯ.

ಮೂರನೆಯ ಬಾರಿಗೆ ಎತ್ತುವವರ ಬೆನ್ನು ನೋಯತೊಡಗಿದರೆ, ಎಷ್ಟೇ ಮೈಲೇಜು ಕೊಡಲಿ, ಎಷ್ಟೇ ರಿಯಾಯಿತಿ ಸಿಗಲಿ, ಆ ಕಾರು ಆ ಮನೆಗೆ ತಕ್ಕುದಲ್ಲ.